ಮನೆಗೆ ಎಷ್ಟು ಅಂಕ? ಜೋಡಣೆ ಆಟದ ಲೆಕ್ಕ

ಕೇಳುಗರಿಗೆ ನಮಸ್ಕಾರ. ನಮ್ಮ ಮೆಟ್ರೊದಲ್ಲಿ ಮಕ್ಕಳು ಮೊಬೈಲಿನಲ್ಲಿ ಒಂದು ವಸ್ತುವನ್ನು ಇನ್ನೊಂದರ ಮೇಲೆ ಎಳೆದು ಹೊಸದನ್ನು ಹುಟ್ಟಿಸುವ ಆಟ ಆಡುವುದನ್ನು ಕಂಡಿರುತ್ತೀರಿ. ಲಿಟಲ್ ಆಲ್ಕೆಮಿ ಅಂಥದ್ದೊಂದು. ಶುರುವಿಗೆ ಸಿಗುವುದು ನೀರು, ಬೆಂಕಿ, ಮಣ್ಣು, ಗಾಳಿ, ಪಂಚಭೂತಗಳಲ್ಲಿ ಆಕಾಶವೊಂದಿಲ್ಲ. ಇಂಥ ಆಟವನ್ನು ನೀವೇ ಬರೆಯುವುದಾದರೆ, ಯಾವ ವಸ್ತು ಎಷ್ಟು ಕಷ್ಟದ್ದು ಎಂದು ಅಂಕ ಕೊಡುವುದು ಹೇಗೆ?

ಪೆನ್ಸಿಲ್ ಹಿಡಿಯಿರಿ. ಮಣ್ಣಿಗೆ ನೀರು ಸೇರಿದರೆ ಕೆಸರು, ಕೆಸರಿಗೆ ಬೆಂಕಿ ತಗುಲಿದರೆ ಇಟ್ಟಿಗೆ. ಇಟ್ಟಿಗೆಗೆ ಇಟ್ಟಿಗೆ ಸೇರಿ ಗೋಡೆ, ಗೋಡೆಗೆ ಗೋಡೆ ಸೇರಿ ಮನೆ. ಮೂಲವಸ್ತುವಿಗೆ ಸೊನ್ನೆ, ಹೊಸದಕ್ಕೆ, ಸೇರಿದ ಎರಡರ ಅಂಕ ಕೂಡಿ ಮೇಲೊಂದು. ಕೆಸರು 1, ಇಟ್ಟಿಗೆ 2, ಗೋಡೆ 5, ಮನೆ 11.

ಆದರೆ ಆಡುವವರು ಮಾಡಿದ ಜೋಡಣೆ ನಾಲ್ಕೇ! ಈ ಆಟದಲ್ಲಿ ಒಮ್ಮೆ ಸಿಕ್ಕ ಇಟ್ಟಿಗೆ ಖರ್ಚಾಗುವುದಿಲ್ಲ. ಕೂಡುವ ಲೆಕ್ಕವೋ ಕೆಸರನ್ನು ನಾಲ್ಕು ಸಲ ಕಲಸಿಸಿಬಿಟ್ಟಿತು. ಸಾಮಗ್ರಿ ಖರ್ಚಾಗುವ ಆಟವಾದರೆ 11 ಸರಿಯೇ: ಮಣ್ಣು, ನೀರು, ಬೆಂಕಿ ತಲಾ 4, ಒಟ್ಟು 12 ತುಣುಕು, ಅವನ್ನು ಒಂದಾಗಿಸಲು 11 ಜೋಡಣೆ. ಆದ್ದರಿಂದ ಖರ್ಚಾಗುತ್ತದೆಯೋ ಇಲ್ಲವೋ ಎಂಬುದನ್ನು ಮೊದಲು ನಿರ್ಧರಿಸಿ.

ಖರ್ಚಾಗದಿದ್ದರೆ ಪ್ರತಿ ವಸ್ತುವಿಗೂ ಬರೀ ಅಂಕವಲ್ಲ, ಹೆಜ್ಜೆಗಳ ಪಟ್ಟಿಯನ್ನೇ ಇಡಿ. ಎರಡು ಪಟ್ಟಿ ಕೂಡಿಸುವಾಗ ಎರಡರಲ್ಲೂ ಇರುವ ಹೆಜ್ಜೆಯನ್ನು ಒಮ್ಮೆ ಮಾತ್ರ ಎಣಿಸಿ. ಇಡ್ಲಿಗೂ ದೋಸೆಗೂ ಒಂದೇ ಹಿಟ್ಟಾದರೆ ರುಬ್ಬುವುದು ಒಂದೇ ಸಲ ತಾನೆ? ಇಲ್ಲೊಂದು ಸೂಕ್ಷ್ಮವಿದೆ. ವಸ್ತುವಿಗೆ ಹಲವು ದಾರಿಗಳಿದ್ದಾಗ ಅತಿ ಚಿಕ್ಕ ಪಟ್ಟಿಯನ್ನಷ್ಟೇ ಉಳಿಸಿದರೆ ಮುಂದೆ ಮೋಸವಾಗಬಹುದು. ಒಂದು ಹೆಜ್ಜೆ ಹೆಚ್ಚಿರುವ ಪಟ್ಟಿಯೇ ಕೆಲವೊಮ್ಮೆ ಜೊತೆಗೆ ಸೇರುವ ವಸ್ತುವಿನ ಪಟ್ಟಿಯೊಂದಿಗೆ ಹೆಚ್ಚು ಹೊಂದಿಕೊಂಡು, ಒಟ್ಟಿನಲ್ಲಿ ಗೆಲ್ಲುತ್ತದೆ. ಪ್ರತಿ ವಸ್ತುವಿಗೂ ಎರಡು ಮೂರು ಪಟ್ಟಿ ಉಳಿಸಿಕೊಳ್ಳುವುದು ಲೇಸು. ಎಲ್ಲ ಸಾಧ್ಯತೆಗಳನ್ನೂ ಜಾಲಾಡಲು ಹೊರಟರೆ, ವಸ್ತುಗಳು ಹೆಚ್ಚಿದಂತೆ ಕಂಪ್ಯೂಟರ್ ಏದುಸಿರು ಬಿಡುತ್ತದೆ.

ಬೀಜದಿಂದ ಮರ, ಮರದಿಂದ ಬೀಜ ಎಂಬ ಸುತ್ತು ಇದ್ದರೆ, ಮೇಲಿಂದ ಕೆಳಗೆ, ಅಂದರೆ ಬೇಕಾದ ವಸ್ತುವಿನಿಂದ ಅದರ ಸಾಮಗ್ರಿಗಳತ್ತ ಹುಡುಕುವ ಪ್ರೋಗ್ರಾಂ ಅಲ್ಲೇ ಗಿರಕಿ ಹೊಡೆಯುತ್ತದೆ. ಅದಕ್ಕೆ ಕೆಳಗಿನಿಂದ ಹೊರಡಿ: ಮೂಲವಸ್ತುಗಳಿಗೆ ಸೊನ್ನೆ, ಉಳಿದೆಲ್ಲಕ್ಕೂ ಅನಂತ. ಎಲ್ಲ ಜೋಡಣೆಗಳ ಮೇಲೆ ಓಡಾಡಿ, ಅಂಕ ಇಳಿದ ಕಡೆ ತಿದ್ದಿ. ಒಂದು ಪೂರ್ತಿ ಸುತ್ತಿನಲ್ಲಿ ಏನೂ ಬದಲಾಗದಿದ್ದರೆ ನಿಲ್ಲಿಸಿ. ಕೊನೆಗೂ ಅನಂತವಾಗಿಯೇ ಉಳಿದದ್ದು ಯಾರಿಗೂ ಸಿಗದ ವಸ್ತು. ಅದನ್ನು ತಲುಪುವ ದಾರಿಯಲ್ಲೆಲ್ಲೋ ಒಂದು ಜೋಡಣೆ ಬಿಟ್ಟುಹೋಗಿದೆ ಎಂದರ್ಥ.

2024ರಲ್ಲಿ ನೀಲ್ ಅಗರ್‌ವಾಲ್ ತಂದ ಇನ್ಫಿನಿಟ್ ಕ್ರಾಫ್ಟ್ ಎಂಬ ಇಂಥದ್ದೇ ಜೋಡಣೆ ಆಟದಲ್ಲಿ ಹೊಸ ವಸ್ತುಗಳನ್ನು ಹೆಸರಿಸುವುದು ಕೃತಕ ಬುದ್ಧಿಮತ್ತೆ. ಅಲ್ಲಿ ಪೂರ್ತಿ ಪಟ್ಟಿ ಮೊದಲೇ ಸಿಗುವುದಿಲ್ಲ, ಹತ್ತಿರದ ದಾರಿ ಎಂದಾದರೂ ಬೆಳಕಿಗೆ ಬರಬಹುದು. ಆಗ ಆ ಒಂದರ ಅಂಕ ಇಳಿಸಿ ಸುಮ್ಮನಾಗಬೇಡಿ. ಇಟ್ಟಿಗೆಯ ಅಂಕ ಇಳಿದರೆ ಗೋಡೆಯದನ್ನೂ ಮನೆಯದನ್ನೂ ಹೊಸದಾಗಿ ಎಣಿಸಬೇಕು.