ಮೈಸೂರಿಗೆ ಒಂದೇ ದಿನ: ಏನು ನೋಡಬೇಕು ಅಲ್ಲ, ಏನು ಬಿಡಬೇಕು

[ದೃಶ್ಯ: ಬೆಳಗ್ಗೆ ಏಳೂವರೆ. ದೇವರಾಜ ಮಾರ್ಕೆಟ್, ಹೂವಿನ ಸಾಲು. ಹೂ ಅಳೆಯುತ್ತಿರುವ ಕೈಗಳು ಹತ್ತಿರದಿಂದ.]

ಈ ಅಮ್ಮನ ಕೈ ನೋಡಿ. ಮಲ್ಲಿಗೆ ಮಾಲೆಯ ತುದಿಯನ್ನು ಬೆರಳಲ್ಲಿ ಹಿಡಿದು ಮೊಣಕೈ ತನಕ ಎಳೆದರು. ಒಂದು ಮೊಳ. ಮತ್ತೆ ಎಳೆದರು, ಎರಡು. ಟೇಪೂ ಇಲ್ಲ, ಸ್ಕೇಲೂ ಇಲ್ಲ. ಮಾರುವವರ ಕೈ ಗಿಡ್ಡ ಇದ್ದರೆ ಮೊಳವೂ ಗಿಡ್ಡ. ಅದಕ್ಕೇ ನಮ್ಮಮ್ಮ ಹೂ ತಗೊಳ್ಳುವಾಗ ಮೊದಲು ಹೂವು ನೋಡುತ್ತಿರಲಿಲ್ಲ, ಹೂವಾಡಗಿತ್ತಿಯ ಕೈ ನೋಡುತ್ತಿದ್ದರು.

ಇಂಥದ್ದನ್ನು ಮಾರ್ಕೆಟ್ಟಿನ ಯಾವ ಬೋರ್ಡಿನಲ್ಲೂ ಬರೆದಿರುವುದಿಲ್ಲ. ಪಕ್ಕದಲ್ಲಿ ಯಾರಾದರೂ ನಿಂತು ಹೇಳಬೇಕು. ಆ ಪಕ್ಕದಲ್ಲಿ ನಿಲ್ಲುವವರಿಗೆ ದುಡ್ಡು ಕೊಟ್ಟು, ನಮಗೆ ಬೇಕಾದ ಹಾಗೆ ದಿನ ಹೊಂದಿಸಿಕೊಳ್ಳುವುದನ್ನೇ ಈಗ ಪ್ರೈವೇಟ್ ಟೂರ್ ಅನ್ನುತ್ತಾರೆ. ಇವತ್ತಿನ ವಿಡಿಯೋ ಅದರ ಬಗ್ಗೆ. ಊರು ಮೈಸೂರು. ಕೈಯಲ್ಲಿರುವುದು ಒಂದೇ ದಿನ.

[ದೃಶ್ಯ: ಹೆದ್ದಾರಿ. ಕಾರಿನ ಕಿಟಕಿಯಿಂದ.]

ಮೊದಲು ನಾನು ಮಾಡಿದ ತಪ್ಪು ಹೇಳಿಬಿಡ್ತೀನಿ. ಕೆಲವು ವರ್ಷದ ಹಿಂದೆ ನಮ್ಮ ಚಿಕ್ಕಪ್ಪನ ಮಗಳು ಅಮೆರಿಕದಿಂದ ಬಂದಿದ್ದಳು. ಜೊತೆಗೆ ಗಂಡ, ಅಲ್ಲಿಯವನೇ, ಆರಡಿ ಮೇಲೆ ಎತ್ತರ. ಬೆಂಗಳೂರಿನಿಂದ ಕಾರು ಮಾಡಿ ಕಳಿಸಿದೆ. ಪ್ಯಾಕೇಜ್ ನೋಡಿ ನನಗೇ ಖುಷಿ: ಶ್ರೀರಂಗಪಟ್ಟಣ, ಚಾಮುಂಡಿ ಬೆಟ್ಟ, ಮೃಗಾಲಯ, ಅರಮನೆ, ಚರ್ಚು, ಕೊನೆಗೆ ಬೃಂದಾವನ. ಒಂದು ದಿನಕ್ಕೆ ಆರು ಜಾಗ!

ರಾತ್ರಿ ಹನ್ನೊಂದಕ್ಕೆ ವಾಪಸ್ ಬಂದರು. ಕೈತುಂಬ ಚೀಲ. ಊದುಬತ್ತಿ, ಒಂದು ಪುಟ್ಟ ಬಾಟಲಿ ಗಂಧದೆಣ್ಣೆ, ಎರಡು ಸೀರೆ. ಡ್ರೈವರ್ ಮೂರು ಅಂಗಡಿಗೆ ನಿಲ್ಲಿಸಿದ್ದನಂತೆ. ಒಂದೊಂದರಲ್ಲೂ ಕಾಫಿ ಕೊಟ್ಟು, ಕೈ ಹಿಂಭಾಗಕ್ಕೆ ಒಂದು ಹನಿ ಎಣ್ಣೆ ಸವರಿ, ಮೂಸಿ ನೋಡಿ ಸಾರ್ ಅಂದಿದ್ದರಂತೆ. ಅರಮನೆಗೆ ಹೋದಾಗ ಮುಚ್ಚುವ ಹೊತ್ತು. "ಅರಮನೆ ಹೇಗಿತ್ತು?" ಅಂದೆ. "ಚಪ್ಪಲಿ ಬಿಡೋ ಕ್ಯೂ ಚೆನ್ನಾಗಿತ್ತು" ಅಂದಳು.

ಆ ಡ್ರೈವರನ್ನು ಪೂರ್ತಿ ಬೈಯಲೂ ಆಗಲ್ಲ. ನಾನು ಚೌಕಾಸಿ ಮಾಡಿ ಬಾಡಿಗೆ ಇಳಿಸಿದ್ದೆ. ಅವನಿಗೆ ಆ ದಿನದ ಲಾಭ ಅಂಗಡಿಗಳ ಕಮಿಷನ್‌ನಿಂದ ಹುಟ್ಟಬೇಕಿತ್ತು. ಟೂರಿನಲ್ಲಿ ಕಾರು ಯಾವ ಕಡೆ ತಿರುಗುತ್ತದೆ ಅನ್ನುವುದು ದುಡ್ಡು ಯಾರ ಜೇಬಿನಿಂದ ಬರುತ್ತಿದೆ ಅನ್ನುವುದರ ಮೇಲೆ ನಿಂತಿದೆ. ನೀವು ಕೊಟ್ಟರೆ ನಿಮ್ಮ ಕಡೆ. ಅಂಗಡಿಯವರು ಕೊಟ್ಟರೆ ಅಂಗಡಿ ಕಡೆ.

[ದೃಶ್ಯ: ನಿರೂಪಕ ಮೇಜಿನ ಮುಂದೆ. ಫೋನಿನಲ್ಲಿ ಬುಕಿಂಗ್ ಪುಟ.]

ಹಾಗಾಗಿ ಪ್ರೈವೇಟ್ ಟೂರಿನ ಬೆಲೆ ಕೇಳಿ ಗಾಬರಿ ಬೀಳುವ ಮುಂಚೆ ಅದನ್ನು ಬಿಡಿಸಿ ನೋಡಿ. ಕಾರಿನ ಬಾಡಿಗೆ ಒಂದು ಕಡೆ. ಗೈಡಿನ ದಿನಗೂಲಿ ಒಂದು ಕಡೆ. ಪ್ರವೇಶ ಟಿಕೆಟ್ಟು, ಊಟ, ಎಲ್ಲಾದರೂ ಕೈಕೆಲಸ ಕಲಿಯುವುದಿದ್ದರೆ ಆ ಕಸುಬುದಾರರಿಗೆ ಕೊಡುವ ದುಡ್ಡು. ಆ್ಯಪಿನಲ್ಲಿ ಬುಕ್ ಮಾಡಿದರೆ ಅವರದ್ದೂ ಒಂದು ಪಾಲು ಇದ್ದೇ ಇರುತ್ತದೆ. "ಇದರಲ್ಲಿ ಏನೇನು ಸೇರಿದೆ?" ಅಂತ ಕೇಳಲು ಸಂಕೋಚ ಬೇಡ. ಪ್ರವಾಸೋದ್ಯಮ ಇಲಾಖೆಯ ಗುರುತಿನ ಚೀಟಿ ಇರುವ ಗೈಡುಗಳಿದ್ದಾರೆ, ಚೀಟಿ ತೋರಿಸಿ ಅಂದರೆ ಯಾರೂ ಬೇಜಾರು ಮಾಡಿಕೊಳ್ಳಲ್ಲ. ಆಮೇಲೆ ನೇರವಾಗಿಯೇ ಹೇಳಿ, "ನಾವಾಗಿ ಕೇಳದೆ ಯಾವ ಅಂಗಡಿಗೂ ನಿಲ್ಲಿಸಬೇಡಿ." ಈ ಮಾತಿಗೆ ಅತ್ತ ಕಡೆಯಿಂದ ತಕ್ಷಣ "ಆಯ್ತು" ಬಂದರೆ ಅರ್ಧ ಗೆದ್ದ ಹಾಗೆ. ಬೆಲೆ ಸ್ವಲ್ಪ ಏರಿದರೆ ಇನ್ನೂ ನಂಬಿಕೆ, ಅಲ್ವಾ?

[ದೃಶ್ಯ: ಫೋನ್ ಕರೆ. ಪರದೆಯ ಮೇಲೆ ಮೂರು ಪ್ರಶ್ನೆಗಳು ಒಂದೊಂದಾಗಿ ಮೂಡುತ್ತವೆ.]

ಕಳೆದ ವರ್ಷ ಅವರಿಬ್ಬರೂ ಮತ್ತೆ ಬಂದರು. ಈ ಸಲ ಚಿಕ್ಕಪ್ಪನೂ ಜೊತೆಗೆ. ನಾನು ಮೈಸೂರಿನಲ್ಲೇ ಹುಟ್ಟಿ ಬೆಳೆದ ಒಬ್ಬ ಗೈಡಮ್ಮನಿಗೆ ಫೋನ್ ಮಾಡಿದೆ. ಜಾಗಗಳ ಪಟ್ಟಿ ಓದಲು ಶುರು ಮಾಡುವಷ್ಟರಲ್ಲಿ ಅವರು ತಡೆದರು. "ಅದಿರಲಿ ಸಾರ್. ಯಾವ ವಾರ ಬರ್ತೀರಿ? ಯಾರಿಗಾದರೂ ಮಂಡಿ ನೋವಿದೆಯಾ? ಬರೋರು ಏನು ಕೆಲಸ ಮಾಡ್ತಾರೆ?"

ವಾರ ಯಾಕೆ ಮುಖ್ಯ ಗೊತ್ತಾ? ಅರಮನೆಯ ದೀಪಾಲಂಕಾರ, ಆ ಲಕ್ಷದ ಹತ್ತಿರದ ಬಲ್ಬುಗಳು, ಸಂಜೆ ಏಳಕ್ಕೆ ಪೂರ್ತಿ ಹೊತ್ತಿ ನಿಲ್ಲುವುದು ಭಾನುವಾರ ಮತ್ತು ಸರ್ಕಾರಿ ರಜಾದಿನ. ಮಾನಂದವಾಡಿ ರಸ್ತೆಯ ಸರ್ಕಾರಿ ರೇಷ್ಮೆ ನೇಯ್ಗೆ ಕಾರ್ಖಾನೆಗೆ ಭಾನುವಾರವೇ ರಜ. 1912ರಲ್ಲಿ ಶುರುವಾದ ನೇಯ್ಗೆ ಅದು. ಒಳಗೆ ಹೋದರೆ ನೂಲಿನಿಂದ ಸೀರೆ ತನಕ ಕಣ್ಣಾರೆ ನೋಡಬಹುದು. ಮೃಗಾಲಯ ಮಂಗಳವಾರ ಮುಚ್ಚಿರುತ್ತದೆ. ಅಂದರೆ ಎಲ್ಲವೂ ಒಟ್ಟಿಗೆ ಸಿಗುವ ದಿನ ವಾರದಲ್ಲೇ ಇಲ್ಲ.

ನಮ್ಮ ತಂಗಿಗೆ ಎರಡೂ ಬೇಕು. ಗೈಡಮ್ಮ ಹೇಳಿದ್ದು ಇಷ್ಟೇ: "ಸೀರೆ ಶೋರೂಮಲ್ಲಿ ಸಿಗುತ್ತೆ ಮೇಡಂ, ಮಗ್ಗದ ಸದ್ದು ಸಿಗಲ್ಲ. ದೀಪ ಬೇಕೋ ಸದ್ದು ಬೇಕೋ ನೀವೇ ಹೇಳಿ." ದೀಪ ಗೆದ್ದಿತು. ಭಾನುವಾರ.

[ದೃಶ್ಯ: ಚಾಮುಂಡಿ ಬೆಟ್ಟ. ಮಂಜು. ಕೆಳಗೆ ಇಳಿಯುತ್ತಿರುವ ಮೆಟ್ಟಿಲುಗಳು.]

ಮಂಡಿಯ ಪ್ರಶ್ನೆಗೆ ಉತ್ತರ ಬೆಟ್ಟದಲ್ಲಿ ಸಿಕ್ಕಿತು. ಕೆಳಗಿನಿಂದ ಮೇಲಕ್ಕೆ ಸುಮಾರು 1000 ಮೆಟ್ಟಿಲು. ನಂದಿ ಇರುವುದು ಹತ್ತಿರ ಹತ್ತಿರ 700ನೇ ಮೆಟ್ಟಿಲಲ್ಲಿ. ಗೈಡಮ್ಮ ಎಲ್ಲರನ್ನೂ ಕಾರಿನಲ್ಲಿ ಮೇಲೆ ಕರೆದೊಯ್ದರು. ದೇವಿ ದರ್ಶನ ಆದ ಮೇಲೆ ಗಂಡ ಹೆಂಡತಿ ಮೆಟ್ಟಿಲಲ್ಲಿ ನಂದಿ ತನಕ ಇಳಿದರು. ಚಿಕ್ಕಪ್ಪ ಕಾರಿನಲ್ಲಿ ನಂದಿಗೆ ಬಂದು ಎಳನೀರು ಕುಡಿಯುತ್ತಾ ಕಾದರು. ಹತ್ತುವ ಏದುಸಿರಿಲ್ಲ, ಆದರೂ 300 ಮೆಟ್ಟಿಲು ನಡೆದ ಹಾಗಾಯಿತು, ಊರು ಪೂರ್ತಿ ಕಣ್ಣ ಕೆಳಗೆ. 17ನೇ ಶತಮಾನದಲ್ಲಿ ದೊಡ್ಡ ದೇವರಾಜ ಒಡೆಯರ ಕಾಲದಲ್ಲಿ ಒಂದೇ ಬಂಡೆಯಲ್ಲಿ ಕಡೆದ ನಂದಿ ಅದು. ಬೆಳಗ್ಗೆ ಎಂಟಕ್ಕೆ ಅದರ ಮುಂದೆ ನಿಲ್ಲಲು ಜಾಗವೂ ಇರುತ್ತದೆ.

ಬೆಟ್ಟ ಇಳಿದು ದೋಸೆ. ಮೆತ್ತಗೆ, ಮೇಲೆ ಬೆಣ್ಣೆಯ ಉಂಡೆ. ಮೈಸೂರಿನವರಿಗೆ ಅದರ ಬಗ್ಗೆ ನಾನು ಪಾಠ ಹೇಳಲು ಹೋಗಲ್ಲ.

[ದೃಶ್ಯ: ಅರಮನೆ. ಕಲ್ಯಾಣ ಮಂಟಪದ ಗಾಜಿನ ಚಾವಣಿ.]

ಬಾಗಿಲು ತೆರೆಯುವ ಹತ್ತು ಗಂಟೆಗೇ ಅರಮನೆ. ಹನ್ನೊಂದಾದರೆ ಬಸ್ಸುಗಳು ಬಂದು ನಿಲ್ಲುತ್ತವೆ, ಆಮೇಲೆ ಜನರ ಬೆನ್ನು ನೋಡಿಕೊಂಡು ನಡೆಯಬೇಕು.

ಹಳೆಯ ಮರದ ಅರಮನೆ 1897ರಲ್ಲಿ ಸುಟ್ಟುಹೋಯಿತು. ಅದೂ ಮನೆಯಲ್ಲಿ ರಾಜಕುಮಾರಿಯ ಮದುವೆ ನಡೆಯುತ್ತಿದ್ದಾಗ. ಹೆನ್ರಿ ಇರ್ವಿನ್ ಅನ್ನುವ ಬ್ರಿಟಿಷ್ ವಾಸ್ತುಶಿಲ್ಪಿ ನಕ್ಷೆ ಹಾಕಿದ ಈ ಹೊಸ ಅರಮನೆ ಮುಗಿದದ್ದು 1912ರಲ್ಲಿ. ಕಲ್ಯಾಣ ಮಂಟಪದಲ್ಲಿ ಎಲ್ಲರೂ ತಲೆ ಎತ್ತಿ ನವಿಲಿನ ಗಾಜಿನ ಚಾವಣಿ ನೋಡುತ್ತಾರೆ. ಗೈಡಮ್ಮ ಕಂಬ ತೋರಿಸಿದರು. ನೋಡಲು ಕೆತ್ತಿದ ಹಾಗಿದೆ, ನಿಜಕ್ಕೂ ಎರಕ ಹೊಯ್ದ ಕಬ್ಬಿಣ, ಸ್ಕಾಟ್ಲೆಂಡಿನ ಗ್ಲಾಸ್ಗೋದಿಂದ ಹಡಗಿನಲ್ಲಿ ಬಂದದ್ದು. ಒಂದು ಸಲ ಬೆಂಕಿ ಕಂಡ ಮನೆಯವರು ಮತ್ತೆ ಮರದ ಕಂಬ ನಿಲ್ಲಿಸುತ್ತಾರಾ?

ಆಮೇಲೆ ಅಲ್ಲೇ ಗೋಡೆ ಮೇಲಿನ ದಸರಾ ಮೆರವಣಿಗೆಯ ಚಿತ್ರಗಳು. ಫೋಟೋ ನೋಡಿಕೊಂಡು ಬಿಡಿಸಿದ ಚಿತ್ರಗಳು ಅವು, ಅದಕ್ಕೇ ಅಲ್ಲಿನ ಮುಖಗಳು ಕಲ್ಪನೆಯ ಮುಖಗಳಲ್ಲ. ಇಲ್ಲಿ ಹದಿನೈದು ನಿಮಿಷ ಸುಮ್ನೆ ನಿಂತರು. ಪ್ಯಾಕೇಜಿನ ದಿನ ಇದೇ ಕೋಣೆಯನ್ನು ಒಂದು ನಿಮಿಷದಲ್ಲಿ ದಾಟಿದ್ದರು.

ಮಧ್ಯಾಹ್ನ ಒಬ್ಬರ ಮನೆಯಲ್ಲಿ ಬಾಳೆಲೆ ಊಟ, ಮೊದಲೇ ಹೇಳಿಟ್ಟಿದ್ದು. ಇಲ್ಲಿ ಒಂದು ಮಾತು. ಸಂಸ್ಕೃತಿ ಅನುಭವ ಅಂತ ಹೇಳಿ ಬಾಗಿಲಲ್ಲಿ ಆರತಿ ಎತ್ತಿ, ತಲೆಗೊಂದು ಮೈಸೂರು ಪೇಟ ಇಟ್ಟು ಫೋಟೋ ತೆಗೆಸುವವರಿದ್ದಾರೆ. ನನಗೆ ಅದು ಕಂಡರೆ ಮೈ ಪರಚಿಕೊಳ್ಳುವ ಹಾಗಾಗುತ್ತದೆ. ಈ ಮನೆಯಲ್ಲಿ ಅದೇನೂ ಇರಲಿಲ್ಲ. "ಬನ್ನಿ, ಕೈ ತೊಳ್ಕೊಳ್ಳಿ" ಅಂದರು. ಎಲೆ ತುದಿ ಯಾವ ಕಡೆ ಬರಬೇಕು, ಉಪ್ಪು ಮೊದಲು ಯಾಕೆ, ಸಾರು ಅನ್ನಕ್ಕೆ ಕಲಸುವಾಗ ಗುಂಡಿ ಹೇಗೆ ಮಾಡಬೇಕು, ಇಷ್ಟು ಹೇಳಿಕೊಟ್ಟರು. ಕಡೆಗೆ ಮೈಸೂರು ಪಾಕ್. ಅರಮನೆಯ ಅಡುಗೆಯವರಾಗಿದ್ದ ಕಾಕಾಸುರ ಮಾದಪ್ಪ ಅವರ ಕೈಯಲ್ಲಿ ಹುಟ್ಟಿದ ಸಿಹಿ ಅನ್ನುವ ಕಥೆಯೂ ಅದರ ಜೊತೆಗೇ ಬಂತು.

[ದೃಶ್ಯ: ಮನೆಯೊಳಗಿನ ಚಿಕ್ಕ ಕಾರ್ಯಾಗಾರ. ತೆಳು ಮರದ ಹಾಳೆಗಳು. ಸಣ್ಣ ಗರಗಸ.]

ಇನ್ನು ಮೂರನೇ ಪ್ರಶ್ನೆ: ಏನು ಕೆಲಸ? ತಂಗಿಯ ಗಂಡ ಕಂಪ್ಯೂಟರ್ ಮುಂದೆ ಕೂರುವವನು. ಆದರೆ ವಾರದ ಕೊನೆಗೆ ಮನೆಯ ಗ್ಯಾರೇಜಿನಲ್ಲಿ ಮರಗೆಲಸ ಮಾಡುತ್ತಾನೆ, ಮೇಜು, ಸ್ಟೂಲು, ಅಂಥದ್ದು. ಇದನ್ನು ಕೇಳಿದ್ದೇ ತಡ, ಗೈಡಮ್ಮ ಮೃಗಾಲಯ, ಚರ್ಚು, ಬೃಂದಾವನ ಮೂರನ್ನೂ ಹೊಡೆದುಹಾಕಿದರು. ಆ ಹೊತ್ತನ್ನೆಲ್ಲ ಒಬ್ಬ ಬೀಟೆ ಮರದ ಕುಸುರಿ ಕೆಲಸಗಾರರ ಮನೆಗೆ ಕೊಟ್ಟರು. ಚರ್ಚು ಬಿಟ್ಟಿದ್ದಕ್ಕೆ ನನಗೆ ಸ್ವಲ್ಪ ಹೊಟ್ಟೆ ಉರಿಯಿತು, ಸುಳ್ಳು ಹೇಳಲ್ಲ.

ಈ ಕೆಲಸದಲ್ಲಿ ಬಣ್ಣ ಬಳಿಯುವುದೇ ಇಲ್ಲ. ಚಿತ್ರದಲ್ಲಿ ಹಳದಿ ಬೇಕಾದರೆ ಹಲಸಿನ ಮರ. ಕಪ್ಪುಗೆಂಪು ಬೇಕಾದರೆ ಬೀಟೆ. ಆಕಾಶದ ಹಿನ್ನೆಲೆ ಬೇಕಾದರೆ ತಿಳಿ ಬಣ್ಣದ ಮರ ಹುಡುಕಬೇಕು, ಅದರ ನರಗಳೇ ಮೋಡ ಆಗಬೇಕು. ಹಿಂದೆ ಬಿಳಿಗೆ ಆನೆದಂತ ಇಡುತ್ತಿದ್ದರು, ಅದು ನಿಷೇಧವಾಗಿ ದಶಕಗಳೇ ಆದವು. ಕಾಗದದ ಚಿತ್ರವನ್ನು ತೆಳು ಹಾಳೆಗೆ ಅಂಟಿಸಿ, ಕೂದಲಿನಷ್ಟು ಸಣ್ಣ ಗರಗಸದಲ್ಲಿ ಗೆರೆಯ ಮೇಲೇ ಕೊಯ್ಯುತ್ತಾರೆ. ಹಲಗೆಯಲ್ಲಿ ಅದೇ ಆಕಾರಕ್ಕೆ ಗುಳಿ ತೋಡಿ, ತುಂಡನ್ನು ಕೂರಿಸಿ, ಅಂಟು ಒಣಗಿದ ಮೇಲೆ ಉಜ್ಜುತ್ತಾರೆ. ಬೆರಳಾಡಿಸಿದರೆ ಒಂದು ಮರ ಮುಗಿದು ಇನ್ನೊಂದು ಶುರುವಾದದ್ದು ಗೊತ್ತಾಗಬಾರದು.

ಅವನಿಗೆ ಒಂದು ಮಾವಿನೆಲೆ ಕೊಯ್ಯಲು ಕೊಟ್ಟರು. ಬ್ಲೇಡು ಟಕ್ ಅಂತ ಮುರಿಯಿತು. ಇನ್ನೊಂದು ಹಾಕಿಕೊಟ್ಟರು, ಅದೂ ಮುರಿಯಿತು. ಅವನು ಸಾರಿ ಸಾರಿ ಅನ್ನುತ್ತಿದ್ದರೆ ಆ ಹಿರಿಯರು ತಲೆ ಎತ್ತಲೇ ಇಲ್ಲ. "ಗರಗಸ ತಳ್ಳಬೇಡಿ, ಮರ ತಿರುಗಿಸಿ" ಅಂದರು. ಗೈಡಮ್ಮ ಅದನ್ನು ಇಂಗ್ಲಿಷಿಗೆ ಹೇಳುವ ಮುಂಚೆಯೇ ಅವನಿಗೆ ಅರ್ಥವಾಗಿತ್ತು. ಎರಡು ಗಂಟೆ ಕಳೆದು ಒಂದು ಸೊಟ್ಟ ಮಾವಿನೆಲೆ ಸಿದ್ಧವಾಯಿತು. ಆಮೇಲೆ, ಯಾರೂ ಕೇಳದೆ, ಅವನೇ ಅಲ್ಲಿದ್ದ ಒಂದು ಫಲಕ ಕೊಂಡ. ಬೆಲೆ ಹೇಳಿದಾಗ ಚೌಕಾಸಿ ಮಾಡಲಿಲ್ಲ. ಎರಡು ಬ್ಲೇಡು ಮುರಿದವನಿಗೆ ಚೌಕಾಸಿ ಮಾಡಲು ಬಾಯಿ ಬರುವುದಿಲ್ಲ.

ಟೂರಿನವರು ಯಾವುದಾದರೂ ಚಟುವಟಿಕೆ ಇಟ್ಟಿದ್ದೇವೆ ಅಂದರೆ ನಾನೀಗ ಇದನ್ನೇ ಕೇಳುತ್ತೇನೆ: ಅಲ್ಲಿ ನಮ್ಮ ಕೈಗೆ ಕೆಲಸ ಕೊಡ್ತೀರಾ, ಅಥವಾ ಕೂರಿಸಿ ತೋರಿಸಿ ಕಳಿಸ್ತೀರಾ? ಕಸುಬುದಾರರ ಕೈಗೆ ಎಷ್ಟು ಹೋಗುತ್ತದೆ?

[ದೃಶ್ಯ: ಸಂಜೆ ಐದೂವರೆ. ಮತ್ತೆ ದೇವರಾಜ ಮಾರ್ಕೆಟ್. ಕುಂಕುಮದ ಗೋಪುರಗಳು, ವೀಳ್ಯದೆಲೆ ಕಟ್ಟು.]

ದೀಪ ಹೊತ್ತಲು ಇನ್ನೂ ಒಂದೂವರೆ ಗಂಟೆ. ಅಷ್ಟರಲ್ಲಿ ಮಾರ್ಕೆಟ್. ನೂರು ವರ್ಷ ದಾಟಿದ ಕಟ್ಟಡ. 2016ರಲ್ಲಿ ಒಂದು ಭಾಗ ಕುಸಿದು ಬಿತ್ತು, ಕೆಡವಬೇಕೋ ಉಳಿಸಬೇಕೋ ಅನ್ನುವ ಜಗಳ ಕೋರ್ಟ್ ತನಕ ಹೋಯಿತು. ಒಳಗೆ ವ್ಯಾಪಾರ ಮಾತ್ರ ತನ್ನ ಪಾಡಿಗೆ ತಾನು ನಡೆದಿದೆ. ಗಂಧದೆಣ್ಣೆಯವನೊಬ್ಬ ಹನಿ ಸವರಲು ಕೈ ಚಾಚಿದ. ತಂಗಿ ಎರಡೂ ಕೈ ಹಿಂದಕ್ಕೆ ಕಟ್ಟಿಕೊಂಡಳು.

ಹೂವಿನ ಸಾಲಿಗೆ ಬಂದಾಗ ಗೈಡಮ್ಮ ಮೊಳದ ಲೆಕ್ಕ ಹೇಳಿಕೊಟ್ಟರು. ತಂಗಿ ಒಂದು ಕ್ಷಣ ಯೋಚಿಸಿ ಗಂಡನ ತೋಳು ಹಿಡಿದು ಮುಂದಕ್ಕೆ ಚಾಚಿದಳು. "ಎರಡು ಮೊಳ ಕೊಡಿ ಅಮ್ಮ. ಇವನ ಕೈಯಲ್ಲಿ ಅಳೆದು ಕೊಡಿ."

ಹೂವಾಡಗಿತ್ತಿ ಆ ತೋಳನ್ನು ಭುಜದಿಂದ ಬೆರಳ ತನಕ ಒಮ್ಮೆ ನೋಡಿದರು. "ಈ ಕೈಯಲ್ಲಿ ಅಳೆದರೆ ನಾನು ಬುಟ್ಟಿ ಮಡಚಿಕೊಂಡು ಮನೆಗೆ ಹೋಗಬೇಕು ಕಣವ್ವ."