ಕ್ಯಾಮೆರಾ ಕತ್ತು ಎತ್ತಬಾರದು, ಅಷ್ಟೇ!

ನಮಸ್ಕಾರ. ಹೋದ ವಿಡಿಯೋ ಕೆಳಗೆ ಒಬ್ರು ಬರ್ದಿದ್ದಾರೆ: "ಕಟ್ಟಡದ ಫೋಟೋಗೆ ಕ್ಯಾಮೆರಾ ಮೂತಿ ಮೇಲಕ್ಕೆ ಎತ್ತಿ ಹೊಡೀರಿ, ಆಮೇಲೆ ಲೈಟ್‌ರೂಮಲ್ಲಿ (ಫೋಟೋ ತಿದ್ದೋ ಸಾಫ್ಟ್‌ವೇರ್) ನೆಟ್ಟಗೆ ಮಾಡಿದ್ರಾಯ್ತು. ಇದಕ್ಕೊಂದು ವಿಡಿಯೋ ಬೇಕಾ?" ಬೇಕು. ನಿಮ್ಮ ದಯದಿಂದ ಎರಡು ಬೇಕು.

ನಮ್ಮ ಮೈಸೂರಿನ ವಿಜಯನಗರ, ಬೋಗಾದಿ ಕಡೆ ಅಪಾರ್ಟ್‌ಮೆಂಟ್ ಮಾರಾಟದ ಫೋಟೋಗಳನ್ನ ನೋಡಿ. ಸ್ಟಿಲ್ಟ್ (ಕೆಳಗಿನ ಪಾರ್ಕಿಂಗ್) ಮೇಲೆ ನಾಲ್ಕು ಅಂತಸ್ತು, ಸುಮಾರು 15 ಮೀಟರ್ ಅಂತಿಟ್ಕೊಳ್ಳಿ. ಫೋಟೋದಲ್ಲಿ ಮಾತ್ರ, ಬಾಡೂಟ ಮುಗಿಸಿ ಆರಾಮ್ ಕುರ್ಚಿಗೆ ಒರಗಿದ ಮಾವನ ಥರ ಹಿಂದಕ್ಕೆ ವಾಲಿರುತ್ತೆ. ಯಾಕೆ? ಕ್ಯಾಮೆರಾ ಎತ್ತಿದ್ರಿ. ಸೆನ್ಸರ್, ಅಂದ್ರೆ ಒಳಗೆ ಚಿತ್ರ ಹಿಡಿಯೋ ಚಿಪ್ಪು, ಗೋಡೆಗೆ ಸಮಾನಾಂತರ ಇರಲಿಲ್ಲ, ಗೆರೆಗಳೆಲ್ಲ ಮೇಲೆ ಹೋಗ್ತಾ ಹತ್ರ ಬಂದ್ವು.

ಲೆಕ್ಕ ಹಾಕೋಣ. ಫುಲ್‌ಫ್ರೇಮ್ ಕ್ಯಾಮೆರಾ (ಸೆನ್ಸರ್ 36 ಎಂಎಂ ಉದ್ದ), 24 ಎಂಎಂ ಲೆನ್ಸು, ಕ್ಯಾಮೆರಾ ಉದ್ದಕ್ಕೆ ನಿಲ್ಲಿಸಿ, ಪಕ್ಕಾ ಲೆವೆಲ್. ಸೆನ್ಸರಿನ ಅರ್ಧ 18 ಎಂಎಂ; 24ರಿಂದ ಭಾಗಿಸಿದ್ರೆ ಮುಕ್ಕಾಲು. ಅಂದ್ರೆ ಎಷ್ಟು ದೂರ ನಿಂತ್ರೋ ಅದರ ಮುಕ್ಕಾಲಷ್ಟು ಲೆನ್ಸಿಗಿಂತ ಮೇಲೂ ಕೆಳಗೂ ಕಾಣುತ್ತೆ. 30 ಅಡಿ ರಸ್ತೆ ಅಂದ್ರೆ 9 ಮೀಟರ್. ಅದರ ಮುಕ್ಕಾಲು 6.75, ಟ್ರೈಪಾಡಿನ ಒಂದೂವರೆ ಸೇರಿ 8.25 ಮೀಟರ್. ಅರ್ಧ ಕಟ್ಟಡ ಗೋತಾ. ಅದಕ್ಕೇ ಎಲ್ರೂ ಎತ್ತೋದು. ಎತ್ಬೇಡಿ! ಎದುರು ಮನೆ ತಾರಸಿ ಹತ್ತಿ. ಕಾಲು ಕೆಜಿ ಮೈಸೂರ್ ಪಾಕ್ ಕೈಯಲ್ಲಿದ್ರೆ ಯಾರೂ ಇಲ್ಲ ಅನ್ನಲ್ಲ. 8 ಮೀಟರ್ ಮೇಲಿಂದ ಅದೇ ಲೆನ್ಸು 1.25ರಿಂದ 14.75ರ ತನಕ ಹಿಡಿಯುತ್ತೆ. ಟ್ರೈಪಾಡ್ ಪ್ಯಾರಪೆಟ್‌ಗೆ ಅಂಟಿಕೊಂಡಿರಲಿ, ಹಿಂದೆ ಸರಿದ್ರೆ ಪ್ಯಾರಪೆಟ್ಟೇ ಫೋಟೋಗೆ ಬರುತ್ತೆ. ತಾರಸಿ ಸಿಗಲಿಲ್ವಾ, ಶಿಫ್ಟ್ ಲೆನ್ಸ್ (ಕ್ಯಾಮೆರಾ ಅಲ್ಲಾಡದೆ ಲೆನ್ಸ್ ಮಾತ್ರ ಮೇಲಕ್ಕೆ ಜಾರೋದು) ಬಾಡಿಗೆಗೆ ತನ್ನಿ: 12 ಎಂಎಂ ಶಿಫ್ಟ್ ಕೊಟ್ರೆ ರಸ್ತೆಯಿಂದಲೇ 12.75 ಮೀಟರ್ ತನಕ ಬರುತ್ತೆ. ಆಗಲೂ ಕ್ಯಾಮೆರಾ ಲೆವೆಲ್!

ಈಗ ಲೈಟ್‌ರೂಮ್ ಭಕ್ತರಿಗೆ. ನೆಟ್ಟಗೆ ಮಾಡೋದು ಅಂದ್ರೆ ಮೇಲ್ಭಾಗನ ಅಗಲಕ್ಕೆ ಎಳೆಯೋದು. ಇಲ್ಲದ ವಿವರ ಎಲ್ಲಿಂದ ಬರುತ್ತೆ? ಮೇಲಿನ ಬಾಲ್ಕನಿ ಕಂಬಿ, ಸಿಂಟೆಕ್ಸ್ ಟ್ಯಾಂಕು, ಎಲ್ಲಾ ಬೆಣ್ಣೆ ಸವರಿದ ಹಾಗೆ. ಕೆಳಗೆ ಎರಡೂ ಮೂಲೆ ಖಾಲಿ ತ್ರಿಕೋನ. ಕ್ರಾಪ್ ಮಾಡಿದ್ರೆ ಗೇಟು ಹೋಯ್ತು. ಎರಡು ಡಿಗ್ರಿ ಆದ್ರೆ ಪರವಾಗಿಲ್ಲ. ನೀವು ಎತ್ತೋದು ಇಪ್ಪತ್ತು!

ಅಂದ ಹಾಗೆ, ವಾಸ್ತು ಅಂತ ಎಲ್ರಿಗೂ ಉತ್ತರ ದಿಕ್ಕಿನ ಸೈಟೇ ಬೇಕು. ಮೈಸೂರು ಇರೋದು 12.3 ಡಿಗ್ರಿ ಅಕ್ಷಾಂಶದಲ್ಲಿ. ಮಧ್ಯಾಹ್ನದ ಸೂರ್ಯ ಉತ್ತರಕ್ಕೆ ಬರೋದು ಏಪ್ರಿಲ್ ಕೊನೆಯಿಂದ ಆಗಸ್ಟ್ ಮಧ್ಯದ ತನಕ, ಅದೂ ನೆತ್ತಿ ಹತ್ರಾನೇ. ಡಿಸೆಂಬರಲ್ಲಿ ಆ ಮುಖಕ್ಕೆ ಬಿಸಿಲೇ ಇಲ್ಲ. ಸುಮ್ನೆ ಸಂಜೆ ಹೋಗಿ. ಸೂರ್ಯ ಮುಳುಗಿ ಹದಿನೈದು ನಿಮಿಷಕ್ಕೆ ಕಾರಿಡಾರ್ ದೀಪ, ಆಕಾಶ ಎರಡೂ ಸಮ ಬರುತ್ತೆ. ಐಎಸ್ಒ 100, ಎಫ್ 8, ಎರಡೆರಡು ಸ್ಟಾಪ್ ಅಂತರದಲ್ಲಿ (ಬೆಳಕು ಒಂದಕ್ಕಿಂತ ಒಂದರಲ್ಲಿ ನಾಲ್ಕು ಪಟ್ಟು) ಮೂರು ಫ್ರೇಮು, ಎರಡು ಸೆಕೆಂಡ್ ಟೈಮರ್. ಒಣಹಾಕಿದ ಲುಂಗಿಗಳೂ ಅಷ್ಟೊತ್ತಿಗೆ ಒಳಗೆ ಹೋಗಿರ್ತವೆ.

ಇನ್ನೊಬ್ರ ಕಾಮೆಂಟು: "ಓರೆಯಾಗಿದ್ರೆ ಸ್ಟೈಲ್ ಸಾರ್." ಸ್ಟೈಲಂತೆ! ಗಾರೆಯವರು ತೂಗುಗುಂಡು ಬಿಟ್ಟು ಬಿಟ್ಟು ನೆಟ್ಟಗೆ ಎಬ್ಬಿಸಿದ ಗೋಡೆ ಅದು. ಫೋನಲ್ಲಿ ಗ್ರಿಡ್ ಇದೆ, ಆನ್ ಮಾಡಿ. 0.5 ಅಂತಿರೋ ಅತಿ ಅಗಲದ ಲೆನ್ಸ್ ಮುಟ್ಬೇಡಿ. ಯಾಕೆ? ಮುಟ್ಬೇಡಿ ಅಂದ್ನಲ್ಲ! ಲೆವೆಲ್ ಅಂದ್ರೆ ಲೆವೆಲ್, ಮುಗೀತು. ಚಾನೆಲ್ ಸಬ್‌ಸ್ಕ್ರೈಬ್ ಆಗಿ, ಬೆಲ್ ಒತ್ತಿ. ಒತ್ತುವಾಗಲೂ ಫೋನ್ ನೆಟ್ಟಗೆ ಹಿಡ್ಕೊಳ್ರಪ್ಪಾ.