ಮುಳ್ಳಿಲ್ಲದ ಡ್ರ್ಯಾಗನ್ ಗಿಡ, ನಿಮ್ಮ ಮಹಡಿಯ ಮೇಲೆ

ಕೇಳುಗರೆಲ್ಲರಿಗೂ ನಮಸ್ಕಾರ.

ಡ್ರ್ಯಾಗನ್ ಹಣ್ಣು ಈಗ ನಮಗೆ ಹೊಸದಲ್ಲ. ತುಮಕೂರು ಬಳಿಯ ಹಿರೇಹಳ್ಳಿಯಲ್ಲಿ ಈ ಹಣ್ಣಿಗೆಂದೇ ಒಂದು ಉತ್ಕೃಷ್ಟತಾ ಕೇಂದ್ರಕ್ಕೆ 2023ರಲ್ಲಿ ಒಪ್ಪಿಗೆಯೂ ಸಿಕ್ಕಿದೆ. ನಾನಿವತ್ತು ಹೇಳುವುದು ಮಾತ್ರ ಮನೆಯಲ್ಲಿ ಒಂದೆರಡು ಗಿಡ ಇಡುವವರಿಗೆ. ನೀವು ಮುಳ್ಳಿಲ್ಲದ ತಳಿಯನ್ನೇ ಹುಡುಕಿ ತನ್ನಿ.

ಯಾಕೆ ಅಂತೀರಾ? ಕಳ್ಳಿ ಜಾತಿಯ ಈ ಗಿಡಕ್ಕೆ ನಮ್ಮ ಕೈ ಪದೇ ಪದೇ ತಾಗಬೇಕು. ಕಟ್ಟಬೇಕು, ಕೊಂಬೆ ಕತ್ತರಿಸಬೇಕು, ಕತ್ತಲಲ್ಲಿ ಹೂವು ಹಿಡಿಯಬೇಕು. ಮನೆಯಲ್ಲಿ ಮಕ್ಕಳೂ ಓಡಾಡುತ್ತಿರುತ್ತಾರೆ, ಅಲ್ವಾ?

ಮೂರು ಅಂಚಿನ ಕಾಂಡವನ್ನು ಹತ್ತಿರದಿಂದ ನೋಡಿ. ಅಂಚಿನ ಪ್ರತಿ ತಗ್ಗಿನಲ್ಲೂ ಬೂದು ಬಣ್ಣದ ಒಂದು ಚುಕ್ಕೆ ಇರುತ್ತದೆ. ಬೇರೆ ತಳಿಗಳಲ್ಲಿ ಅಲ್ಲಿಂದಲೇ ಮುಳ್ಳಿನ ಗೊಂಚಲು ಏಳುತ್ತದೆ. ಇದರಲ್ಲಿ ಬರೀ ಚುಕ್ಕೆ. ಹೆಬ್ಬೆರಳಿನಿಂದ ಮೆಲ್ಲಗೆ ಸವರಿ, ಖಾತ್ರಿಯಾದ ಮೇಲೆ ಕೊಳ್ಳಿ. ಬೀಜದಿಂದ ಬೆಳೆಸಿದರೆ ತಾಯಿಗಿಡದ ಗುಣವೇ ಬರುತ್ತದೆಂಬ ಭರವಸೆ ಇಲ್ಲ. ಫಲಕ್ಕೂ ವರ್ಷಗಟ್ಟಲೆ ಕಾಯಬೇಕು. ಹಾಗಾಗಿ ಕಾಂಡದ ತುಂಡು ನೆಡುವುದೇ ಸರಿ.

ಒಂದು ಅಡಿ ಉದ್ದದ ಬಲಿತ ತುಂಡು ಸಾಕು. ನೆರಳಲ್ಲಿ ಒಂದು ವಾರ ಇಟ್ಟು ಗಾಯ ಒಣಗಿಸಿ. ಹಸಿ ಗಾಯ ಮಣ್ಣಿಗಿಳಿದರೆ ಕೊಳೆಯುತ್ತದೆ. ಬುಡ ಯಾವುದು, ತುದಿ ಯಾವುದು ಅಂತ ಮೊದಲೇ ಗುರುತು ಮಾಡಿಕೊಳ್ಳಿ. ದೊಡ್ಡ ಡ್ರಮ್ಮಿಗೆ ತಳದಲ್ಲಿ ತೂತು, ಮಣ್ಣಿಗೆ ಮರಳು ಮತ್ತು ಕೊಟ್ಟಿಗೆ ಗೊಬ್ಬರ. ಮೇಲ್ಮಣ್ಣು ಒಣಗಿದ ಮೇಲಷ್ಟೇ ನೀರು. ಏಪ್ರಿಲ್ ಬಿಸಿಲಿಗೆ ಕಾಂಡ ಹಳದಿಯಾದರೆ ಮಧ್ಯಾಹ್ನ ಸ್ವಲ್ಪ ನೆರಳು ಕೊಡಿ.

ಗಟ್ಟಿ ಕಂಬ ನೆಟ್ಟು, ತಲೆಗೆ ಹಳೇ ಟೈರು ಕಟ್ಟಿ. ಕಾಂಡ ಅಲ್ಲಿ ತಲುಪಿದಾಗ ತುದಿ ಚಿವುಟಿ. ಕವಲೊಡೆದು ಕೆಳಗೆ ಜೋತುಬಿದ್ದ ಕೊಂಬೆಗಳಲ್ಲೇ ಹೂವು ಜಾಸ್ತಿ.

ಇನ್ನು ನನಗೆ ತುಂಬಾ ಇಷ್ಟವಾದ ಕೆಲಸ. ಮಳೆಗಾಲದಲ್ಲಿ ಮೊಗ್ಗು ಬರುತ್ತದೆ. ಹೂವು ಅರಳುವುದು ರಾತ್ರಿ, ಅದೂ ಒಂದೇ ರಾತ್ರಿ. ಬೆಳಿಗ್ಗೆ ಬಿಸಿಲೇರುವಷ್ಟರಲ್ಲಿ ಬಾಡುತ್ತದೆ. ಗೇಣುದ್ದಕ್ಕಿಂತ ದೊಡ್ಡ ಬಿಳಿ ಹೂವು, ಒಳಗೆ ನೂರಾರು ಹಳದಿ ಕೇಸರ. ಅದರ ಊರಾದ ಮೆಕ್ಸಿಕೋ ಕಡೆ ಬಾವಲಿ, ಪತಂಗಗಳು ಪರಾಗ ಒಯ್ಯುತ್ತವೆ. ನಮ್ಮ ಮಹಡಿಗೆ ಅವು ಬಂದರೆ ಬಂದವು! ಸುಮ್ನೆ ಕಾಯುತ್ತ ಕೂರಬೇಡಿ. ಒಂಬತ್ತು, ಹತ್ತು ಗಂಟೆಗೆ ಮೆತ್ತನೆ ಕುಂಚ ಹಿಡಿದು ಹೋಗಿ. ಪರಾಗವನ್ನು ಕಾಗದಕ್ಕೆ ಉದುರಿಸಿಕೊಂಡು, ನಡುವೆ ಚಾಚಿರುವ ನಕ್ಷತ್ರದಂಥ ಶಲಾಕಾಗ್ರಕ್ಕೆ, ಅಂದರೆ ಹೂವಿನ ಹೆಣ್ಣು ಭಾಗದ ತುದಿಗೆ, ಧಾರಾಳವಾಗಿ ಹಚ್ಚಿ. ಕೆಲವು ತಳಿಗಳು ತಮ್ಮದೇ ಪರಾಗಕ್ಕೆ ಕಾಯಿ ಕಟ್ಟುವುದಿಲ್ಲ. ನಿಮ್ಮ ಗಿಡ ಅಂಥದ್ದಾದರೆ ಬೇರೆ ತಳಿಯ ಗಿಡ ಒಂದು ಪಕ್ಕದಲ್ಲಿರಲಿ.

ಹೂವು ಬಿಟ್ಟು ಸುಮಾರು ಒಂದು ತಿಂಗಳಿಗೆ ಕಾಯಿ ಕೆಂಪಾಗುತ್ತದೆ. ಆತುರ ಬೇಡ. ಬಣ್ಣ ತಿರುಗಿದ ಮೇಲೂ ಮೂರ್ನಾಲ್ಕು ದಿನ ಗಿಡದಲ್ಲೇ ಬಿಡಿ. ಕೊಯ್ದ ಮೇಲೆ ಈ ಹಣ್ಣಿಗೆ ಸಿಹಿ ಏರುವುದಿಲ್ಲ.

ನಮಸ್ಕಾರ.